ಕರ್ಚೀಫು ಹಿಡಿದ ಸೀಟು

ಬಸ್ಸಿನ ಬಾಗಿಲು ತೆರೆದಾಗ ನನಗೆ ಮೊದಲು ಕಂಡದ್ದು ಕರ್ಚೀಫು. ನೀಲಿ ಚೌಕಳಿಯದು. ಅಚ್ಚುಕಟ್ಟಾಗಿ ಮಡಿಸಿ ಮುಂದಿನ ಸಾಲಿನ ಕಿಟಕಿ ಸೀಟಿನ ಸರಿಯಾಗಿ ನಡುವೆ ಇಟ್ಟಿದ್ದರು. ಅದರ ಪಕ್ಕದ ಸೀಟಿನ ಮೇಲೆ ಸ್ಟೀಲಿನ ನೀರಿನ ಬಾಟಲಿ. ಹಿಂದಿನ ಸಾಲಿನಲ್ಲಿ ಒಂದು ಲ್ಯಾಪ್‌ಟಾಪ್ ಚೀಲ, ಅದರ ಪಕ್ಕ ಒಂದು ಜಾಕೆಟ್. ಜುಲೈ ತಿಂಗಳ ಜಾರ್ಜಿಯಾದಲ್ಲಿ ಜಾಕೆಟ್! ಉಳಿದ ಸೀಟುಗಳಲ್ಲೆಲ್ಲ ಜನರಿದ್ದರು. ಈ ನಾಲ್ಕರಲ್ಲಿ ಮಾತ್ರ ವಸ್ತುಗಳು ಕುಳಿತಿದ್ದವು.

ಇದು ಬೆಳಗ್ಗೆ ಅಟ್ಲಾಂಟಾಕ್ಕೆ ಹೋಗುವ ಕಮ್ಯೂಟರ್ ಬಸ್ಸು. ಗ್ವಿನೆಟ್ ಕೌಂಟಿಯ ಮೂರು ಪಾರ್ಕಿಂಗ್ ಲಾಟುಗಳಲ್ಲಿ ಜನರನ್ನು ಹತ್ತಿಸಿಕೊಂಡು ಹೆದ್ದಾರಿಗೆ ಇಳಿದರೆ ಮಿಡ್‌ಟೌನ್‌ವರೆಗೆ ಎಲ್ಲೂ ನಿಲ್ಲುವುದಿಲ್ಲ. ಲಾರೆನ್ಸ್‌ವಿಲ್ ಬಳಿಯ ಎರಡನೆಯ ಸ್ಟಾಪು ನನ್ನದು. ಕೋವಿಡ್ ಬಂದಾಗ ಬಸ್ಸುಗಳನ್ನು ಕಡಿಮೆ ಮಾಡಿದರು. ಆಮೇಲೆ ಕಂಪನಿಗಳು ಮಂಗಳವಾರ, ಬುಧವಾರ, ಗುರುವಾರ ಆಫೀಸಿಗೆ ಬನ್ನಿ ಎಂದವು. ಜನ ವಾಪಸು ಬಂದರು, ಬಸ್ಸುಗಳು ಬರಲಿಲ್ಲ.

ನಾನು ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಸೂಕ್ಷ್ಮಜೀವಿಗಳ ಕೆಲಸ ನೋಡುತ್ತೇನೆ. ಬ್ಯಾಕ್ಟೀರಿಯಾಗಳಿಗೆ ವರ್ಕ್ ಫ್ರಮ್ ಹೋಮ್ ಇಲ್ಲ. ನಿನ್ನೆ ಅವುಗಳನ್ನು ಬೆಳೆಯಲು ಇಟ್ಟ ತಟ್ಟೆಯನ್ನು ಇವತ್ತು ಹೋಗಿ ನೋಡಲೇಬೇಕು. ಏಪ್ರಿಲ್‌ವರೆಗೆ ನನ್ನ ಕಾರಿನಲ್ಲೇ ಹೋಗಿ ಬರುತ್ತಿದ್ದೆ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಬಹಳ ಹೊತ್ತು ನಿಂತೇ ಕೆಲಸ ಮಾಡುತ್ತಿದ್ದಾಗ, ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದೆ. ಎಚ್ಚರವಾದಾಗ ಸಹೋದ್ಯೋಗಿಗಳ ಮುಖಗಳು ಮೇಲಿನಿಂದ ನನ್ನನ್ನು ನೋಡುತ್ತಿದ್ದವು.

ಪರೀಕ್ಷೆಗಳೆಲ್ಲ ಆದವು. ಹೃದಯ ಸರಿ ಇದೆ, ಮೆದುಳೂ ಸರಿ ಇದೆ ಎಂದರು. ಕೆಡುವುದು ನಿಂತಾಗ. ನಿಂತೇ ಇದ್ದರೆ ನನ್ನ ರಕ್ತ ಕಾಲಿಗೆ ಇಳಿದು ಅಲ್ಲೇ ಉಳಿಯುತ್ತದೆ, ತಲೆಗೆ ಸಾಲದಾಗುತ್ತದೆ. ನಡೆದರೆ ತೊಂದರೆಯಿಲ್ಲ, ಕುಳಿತರೆ ತೊಂದರೆಯಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು, ಉಪ್ಪು ಜಾಸ್ತಿ ತಿನ್ನಿ ಎಂದರು, ಕಾರಿನ ಕೀಲಿಯನ್ನು ಮನೆಯಲ್ಲಿಡಿ ಎಂದರು. ಆರು ತಿಂಗಳು ಒಮ್ಮೆಯೂ ಎಚ್ಚರ ತಪ್ಪದಿದ್ದರೆ ಮತ್ತೆ ಓಡಿಸಬಹುದು. ನಡುವೆ ಒಂದು ಸಲ ತಪ್ಪಿದರೂ ಎಣಿಕೆ ಮೊದಲಿನಿಂದ ಶುರು.

ಲಾರೆನ್ಸ್‌ವಿಲ್‌ನಲ್ಲಿ ಕಾರಿಲ್ಲದೆ ಬದುಕುವುದೆಂದರೇನು ಎಂದು ಇಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಹಾಲು ತರಲು ಹೋಗಬೇಕೆಂದರೂ ನನ್ನ ಗಂಡ ಸಿದ್ಧಲಿಂಗೇಶನ ಕ್ಯಾಲೆಂಡರು ನೋಡಬೇಕಾಗಿತ್ತು. ಅವನ ಆಫೀಸು ಅಲ್ಫರೆಟಾದಲ್ಲಿ, ನನ್ನ ಲ್ಯಾಬಿಗೆ ಪೂರಾ ಬೇರೆ ದಿಕ್ಕು. ಅವನು ಬೆಳಗ್ಗೆ ನನ್ನನ್ನು ಬಸ್ ಸ್ಟಾಪಿಗೆ ಬಿಟ್ಟು, ತಿರುಗಿಕೊಂಡು ಹೋಗುತ್ತಿದ್ದ. ಅಕ್ಟೋಬರ್‌ವರೆಗೆ ನೋಡಿಕೊಂಡರೆ ಸಾಕು ಎಂದು ನಾವಿಬ್ಬರೂ ಲೆಕ್ಕ ಹಾಕಿದ್ದೆವು. ಸೋಮವಾರ, ಶುಕ್ರವಾರ ಬಸ್ಸು ಖಾಲಿ. ಲ್ಯಾಬಿನವರು ನನಗೆ ಬೇಸಿಗೆಯ ಆರಂಭದಲ್ಲಿ ಹಾಗೆಯೇ ದಿನಗಳನ್ನು ಹೊಂದಿಸಿಕೊಟ್ಟಿದ್ದರು. ಜುಲೈನಲ್ಲಿ ಒಬ್ಬರು ರಜೆ ಹಾಕಿದರು. ನನಗೆ ಮಂಗಳವಾರದಿಂದ ಗುರುವಾರ ಬಂತು.

ಆ ಮಂಗಳವಾರ ನಾನು ಕರ್ಚೀಫಿನ ಮುಂದೆ ನಿಂತೆ.

ಅದನ್ನು ಇಟ್ಟವರು ಯಾರೆಂದು ಹುಡುಕಬೇಕಾಗಿರಲಿಲ್ಲ. ಎದುರುಗಡೆಯ ಸಾಲಿನ ತುದಿ ಸೀಟಿನಲ್ಲಿ ಐವತ್ತು ದಾಟಿದ, ಗಟ್ಟಿಮುಟ್ಟಾದ ಒಬ್ಬರು ಕುಳಿತಿದ್ದರು. ಯಾವುದೋ ಹಾಫ್ ಮ್ಯಾರಥಾನ್ ಮುಗಿಸಿದವರಿಗೆ ಕೊಡುವ ಟೀ ಶರ್ಟು. ಕೈಯಲ್ಲಿ ಫೋನು ಹಿಡಿದುಕೊಂಡು ಸ್ಪೀಕರಿನಲ್ಲಿ ಯಾರದೋ ಗೃಹಪ್ರವೇಶದ ವಿಡಿಯೋ ನೋಡುತ್ತಿದ್ದರು. ಓಲಗದ ಸದ್ದಿಗೆ ಹಿಂದಿನ ಸೀಟಿನ ಹುಡುಗನೊಬ್ಬ ಹೆಡ್‌ಫೋನ್ ಮೇಲೆ ಅಂಗೈ ಒತ್ತಿಕೊಂಡಿದ್ದ.

ಇಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಯೆಸ್ ಯೆಸ್, ದೇ ಆರ್ ಕಮಿಂಗ್," ಎಂದರು, ತಲೆ ಎತ್ತದೆ.

"ಈ ನಾಲ್ಕೂ?"

"ಆಲ್ ಫೋರ್."

ಬಸ್ಸು ಹೊರಟಿತು. ನಾನು ಕಂಬ ಹಿಡಿದುಕೊಂಡೆ. ಅಷ್ಟರಲ್ಲಿ ಅವರಿಗೆ ಫೋನು ಬಂತು, ಅದೂ ಸ್ಪೀಕರಿನಲ್ಲೇ.

"ಸಾರ್, ಎಲ್ಲಿದೀರಾ?"

"ಈಗ ಎರಡನೇ ಸ್ಟಾಪ್ ಬಿಡ್ತಾ ಇದೀವಿ ಗುರುದತ್. ಬೇಗ ಬಂದು ನಿಂತ್ಕೋ. ಇಲ್ಲೊಬ್ಬಳು ಆಂಟಿ ನಿಮ್ ಸೀಟ್‌ಗಳ ಮೇಲೆ ಕಣ್ಣು ಹಾಕಿದಾಳೆ."

"ಯಾರ್ ಸಾರ್, ನಮ್ಮೋರಾ?"

"ಇಲ್ಲಪ್ಪ, ತೆಲುಗು ಇರ್ಬೇಕು. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಗದಗಿನ ನನ್ನ ಅಜ್ಜಿಯ ಮುಖವೇ ನನ್ನದು ಎಂದು ಎಲ್ಲರೂ ಹೇಳುತ್ತಾರೆ. ಬೇರೆ ಹೊತ್ತಿನಲ್ಲಾಗಿದ್ದರೆ ಅಲ್ಲೇ ಬಾಯಿ ಬಿಡುತ್ತಿದ್ದೆ. ಆದರೆ ಅಷ್ಟರಲ್ಲಿ ನನಗೆ ಮಾತಿಗಿಂತ ದೊಡ್ಡ ಕೆಲಸ ಬಂದಿತ್ತು. ಆ ಲಾಟಿನ ಬಿಸಿಲಿನಲ್ಲಿ ಮೊದಲೇ ಬಹಳ ಹೊತ್ತು ಕಾದಿದ್ದೆ. ಈಗ ಬಸ್ಸಿನ ಸದ್ದು ದೂರ ಹೋಗತೊಡಗಿತು. ಕಣ್ಣಂಚಿನಿಂದ ಬಣ್ಣಗಳು ಒಂದೊಂದಾಗಿ ಜಾರಿದವು. ಡಾಕ್ಟರು ಹೇಳಿಕೊಟ್ಟಿದ್ದರು: ಕಾಲು ಅಡ್ಡ ಹಾಕಿ ತೊಡೆ ಬಿಗಿ ಹಿಡಿಯಿರಿ, ಮುಷ್ಟಿ ಕಟ್ಟಿ, ಆಗದಿದ್ದರೆ ಎಲ್ಲಿದ್ದೀರೋ ಅಲ್ಲೇ ಕೆಳಗೆ ಕೂಡಿ. ತೊಡೆ ಬಿಗಿದೆ. ಮುಷ್ಟಿ ಕಟ್ಟಿದೆ. ಆಗಲಿಲ್ಲ.

"ಹನೀ, ನನ್ನ ಕೈ ಹಿಡಿ," ಎಂದಿತು ಪಕ್ಕದ ಒಂದು ಧ್ವನಿ.

ಅದು ವಾಂಡಾ. ನನ್ನ ಸ್ಟಾಪಿನಲ್ಲೇ ಹತ್ತುವ, ಅರವತ್ತು ದಾಟಿದ ಕರಿಯ ಹೆಂಗಸು. ಕೋರ್ಟಿನ ಕಚೇರಿಯಲ್ಲಿ ಕೆಲಸ. ಮಂಡಿಗೆ ಆಪರೇಷನ್ ಆಗಿ ಊರುಗೋಲು ಹಿಡಿದು ಓಡಾಡುತ್ತಾಳೆ ಎಂದು ನೋಡಿ ಗೊತ್ತಿತ್ತು, ಹೆಸರು ಆಮೇಲೆ ಗೊತ್ತಾದದ್ದು. ಅವಳ ತೋಳು ಹಿಡಿದು ನಾನು ನಿಧಾನವಾಗಿ ಬಸ್ಸಿನ ನಡುದಾರಿಯ ನೆಲದ ಮೇಲೆ ಕುಳಿತೆ. ಮೊಣಕಾಲ ನಡುವೆ ತಲೆ ಇಟ್ಟೆ. ಬಣ್ಣಗಳು ವಾಪಸು ಬಂದವು. ಎಚ್ಚರ ತಪ್ಪಲಿಲ್ಲ. ಅದೊಂದೇ ಆ ಬೆಳಗಿನ ಸಾಧನೆ.

"ಮ್ಯಾಮ್, ನೆಲದ ಮೇಲೆ ಕೂರೋ ಹಾಗಿಲ್ಲ," ಎಂದು ಡ್ರೈವರ್ ಕನ್ನಡಿಯಲ್ಲಿ ನೋಡಿ ಕೂಗಿದ.

"ಹಾಗಾದರೆ ಅವಳನ್ನು ಆ ಕರವಸ್ತ್ರದ ತೊಡೆ ಮೇಲೆ ಕೂರಿಸ್ತೀಯಾ?" ಎಂದು ವಾಂಡಾ ತಿರುಗಿ ಕೂಗಿದಳು. ಡ್ರೈವರ್ ರಸ್ತೆಯ ಕಡೆ ನೋಡಿದ.

ಆಮೇಲೆ ಅವಳು ಬಗ್ಗಿ, ಮೆಲ್ಲಗೆ, ನಿಜವಾದ ಕಾಳಜಿಯಿಂದ ಕೇಳಿದಳು: "ನಿಮ್ಮವರಲ್ಲಿ ಕಾಯಿಲೆಯವರು ಬಹಳ ಇದ್ದಾರಾ? ಮುಂದಿನ ಸ್ಟಾಪಿನವರಿಗೆ ದಿನಾ ಸೀಟು ಇಟ್ಟಿರ್ತೀರಿ. ಪಾಪ, ನಿಲ್ಲಲು ಆಗದವರಿರಬೇಕು ಅಂದುಕೊಂಡಿದ್ದೆ."

ತೆಲುಗು ಎಂದದ್ದಕ್ಕೆ ಬಾರದ ಸಿಟ್ಟು ನನಗೆ ಆಗ ಬಂತು. ತಿಂಗಳುಗಟ್ಟಲೆ ಈಕೆ ಊರುಗೋಲು ಹಿಡಿದು ನಿಂತಿದ್ದಾಳೆ, ನಮ್ಮವರ ಮೇಲೆ ಕನಿಕರಪಟ್ಟುಕೊಂಡು.

ಮೂರನೆಯ ಸ್ಟಾಪು ಬಂತು. ನೆಲದ ಮಟ್ಟದಿಂದ ನೋಡಿದರೆ ಮನುಷ್ಯರೆಂದರೆ ಶೂಗಳು. ಮೂರು ಜೊತೆ ಒಳ್ಳೆಯ, ಗಟ್ಟಿಯಾದ ಶೂಗಳು ನನ್ನನ್ನು ದಾಟಿ ಹೋದವು. "ಥ್ಯಾಂಕ್ಸ್ ಸಾರ್," "ಗುಡ್ ಮಾರ್ನಿಂಗ್ ಸಾರ್," "ಊರ್ಮಿಳಾ ಬರ್ತಾಳೇನೋ ಅಂತ ಜಾಕೆಟ್ ಹಾಕಿದ್ದೆ," ಎಂದರು ಟೀ ಶರ್ಟಿನವರು. "ಇಲ್ಲ ಸಾರ್, ಅವಳು ಇವತ್ತು ಮನೆಯಿಂದ." "ಹೋಗ್ಲಿ ಬಿಡು, ಬ್ಯಾಗ್ ಇಟ್ಕೊಳ್ಳೋಕೆ ಆಯ್ತು."

ಜಾಕೆಟ್ ಮಿಡ್‌ಟೌನ್‌ವರೆಗೆ ಕುಳಿತೇ ಬಂತು.

*

ನಾನು ಕರ್ಚೀಫಿನ ವಿರೋಧಿಯಲ್ಲ. ಹುಬ್ಬಳ್ಳಿಯ ಹಳೇ ಸ್ಟ್ಯಾಂಡಿನಲ್ಲಿ ಧಾರವಾಡದ ಬಸ್ಸು ತಿರುಗುವ ಮೊದಲೇ ಕಿಟಕಿಯೊಳಗೆ ಕರ್ಚೀಫು ಎಸೆದು ಕಾಲೇಜಿಗೆ ಹೋದವಳು ನಾನು. ಕಂಬಿಯ ಸಂದಿನಲ್ಲಿ ಮಣಿಕಟ್ಟು ಹೇಗೆ ತಿರುಗಿಸಬೇಕು ಎಂದು ಈಗಲೂ ಕೈಗೆ ಗೊತ್ತಿದೆ. ಆದರೆ ಆ ಪದ್ಧತಿಗೆ ಒಂದು ನಿಯಮವಿತ್ತು. ಯಾರೂ ಬರೆದಿಟ್ಟದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ಕರ್ಚೀಫು ಎಸೆದವರು ಅದೇ ಬಸ್ಸಿನ ಬಾಗಿಲಲ್ಲಿ ನುಗ್ಗುತ್ತಿರಬೇಕು. ಬಟ್ಟೆ ಮುಂದೆ, ಮನುಷ್ಯ ಹಿಂದೆ, ನಡುವೆ ನಾಲ್ಕು ಉಸಿರಿನ ಅಂತರ. ಬಸ್ಸು ಹೊರಡುವ ಹೊತ್ತಿಗೆ ಮನುಷ್ಯ ಬರಲಿಲ್ಲವೆಂದರೆ ಕಂಡಕ್ಟರ್ ಅದನ್ನು ಎರಡು ಬೆರಳಲ್ಲಿ ಎತ್ತಿ, "ಯಾರದ್ರೀ ಇದು?" ಎಂದು ಒಮ್ಮೆ ಕೂಗಿ, ಡ್ರೈವರಿನ ಹಿಂದೆ ಎಸೆಯುತ್ತಿದ್ದ. ಕೈಗೂಸಿನ ತಾಯಿ ಬಂದರೆ ಅಷ್ಟೂ ಕಾಯುತ್ತಿರಲಿಲ್ಲ. ಇಲ್ಲಿ ಬಟ್ಟೆ ಒಂದು ಊರಿನಲ್ಲಿ ಕೂಡುತ್ತದೆ, ಮನುಷ್ಯ ಇನ್ನೊಂದು ಊರಿನಲ್ಲಿ ಕಾಫಿ ಕುಡಿಯುತ್ತಿರುತ್ತಾನೆ.

ರಾತ್ರಿ ಊಟಕ್ಕೆ ಕುಳಿತಾಗ ಎಲ್ಲ ಹೇಳಿದೆ. ಬಿದ್ದೆನೆಂದಲ್ಲ, ಬೀಳುವ ಹತ್ತಿರ ಬಂದಿದ್ದೆ ಎಂದು. ಸಿದ್ಧಲಿಂಗೇಶ ತಿನ್ನುವುದನ್ನು ನಿಲ್ಲಿಸಿದ.

ಹದಿನೈದು ವರ್ಷದ ನನ್ನ ಮಗಳು ಶ್ರಾವಣಿಗೆ ಸಮಸ್ಯೆಯೇ ಅರ್ಥವಾಗಲಿಲ್ಲ. "ಅಮ್ಮಾ, ಇಟ್ಸ್ ಎ ಹ್ಯಾಂಕಿ. ಜಸ್ಟ್ ಮೂವ್ ಇಟ್."

"ಅಷ್ಟು ಸರಳ ಇಲ್ಲವ್ವ ಅದು."

"ವೈ? ಈಸ್ ಇಟ್ ಹೋಲಿ?"

"ಮ್ಯಾರಥಾನ್ ಟೀ ಶರ್ಟು, ದಪ್ಪ ಮೀಸಿ?" ಎಂದು ಸಿದ್ಧಲಿಂಗೇಶ ಕೇಳಿದ. "ಅವರು ಕೇಶವಮೂರ್ತಿ ಅಲ್ಲೇನ? ಕನ್ನಡ ಕೂಟದ ಪಿಕ್‌ನಿಕ್ ಎಲ್ಲಾ ಅವರದ ಉಸ್ತುವಾರಿ. ಭಾಳ ಹೆಲ್ಪಿಂಗ್ ಮನುಷ್ಯಾ. ನಾವು ಬಂದ ಹೊಸದಾಗಿ ಸೋಫಾ ಸಾಗಸ್ಲಿಕ್ಕೆ ವ್ಯಾನ್ ಕೊಟ್ಟಿದ್ರು, ನೆನಪದನು? ಒಂದ್ ಫೋನ್ ಹಚ್ತೀನಿ. ನಿನಗೂ ಒಂದು ಸೀಟು ಹಿಡೀತಾರ."

"ಬ್ಯಾಡ. ನಾನ ನೋಡ್ಕೋತೀನಿ."

"ಅದರಾಗೇನದ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರ ಎಲ್ಲಾರಿಗೂ ಚೊಲೋ. ಅವರಿಗೆ ನೀ ನಮ್ಮೋರಾಕಿ ಅಂತ ಗೊತ್ತಿರಲಿಲ್ಲ, ಅಷ್ಟ."

"ನಾ ನಮ್ಮೋರಾಕಿ ಅಲ್ಲದಿದ್ರ ಬೀಳಬಹುದಿತ್ತೇನು?"

ಅವನು ತಟ್ಟೆ ಎತ್ತಿಕೊಂಡು ಎದ್ದ. ಆದರೆ ಅವನು ಹೆದರಿದ್ದ ಎಂಬುದು ನನಗೆ ಕಾಣಿಸಿತ್ತು. ಪಾತ್ರೆ ತೊಳೆಯುವಾಗ ಹಿತ್ತಲಿನ ಡೆಕ್ ಮೇಲಿಂದ ಅವನ ಫೋನಿನ ಧ್ವನಿ ಕೇಳಿಸಿತು. "ಹೌದ್ರಿ ಸರ, ಹೌದ್ರಿ. ನಮ್ಮ ಮನಿಯವರ. ಭಾಳ ಉಪಕಾರ ಆತ್ರಿ."

*

ಬುಧವಾರ ಬಾಗಿಲು ತೆರೆದದ್ದೇ ಇವತ್ತೂ ಹಾಫ್ ಮ್ಯಾರಥಾನಿನ ಟೀ ಶರ್ಟು ತೊಟ್ಟಿದ್ದ ಕೇಶವಮೂರ್ತಿಯವರು ಅರ್ಧ ಎದ್ದು ನಿಂತರು.

"ಬನ್ನಿ ಬನ್ನಿ ಮೇಡಮ್! ಎಂಥ ಕೆಲಸ ಆಗೋಯ್ತು ನೋಡಿ. ನಿನ್ನೆನೇ ಕನ್ನಡದಲ್ಲಿ ಒಂದ್ ಮಾತು ಹೇಳ್ಬಾರ್ದಾ? ರೇಣುಕಾದೇವಿ ಅಲ್ವಾ? ಸಿದ್ಧಲಿಂಗೇಶ್ ಎಲ್ಲಾ ಹೇಳಿದ್ರು. ಇನ್ಮೇಲೆ ನೀವು ಯೋಚನೇನೇ ಮಾಡ್ಬೇಡಿ. ಈ ಸೀಟು ನಿಮ್ದು." ಜಾಕೆಟ್ಟನ್ನು ಎತ್ತಿ, ಸೀಟನ್ನು ಅಂಗೈಯಿಂದ ಎರಡು ಸಲ ಒರೆಸಿ ತೋರಿಸಿದರು.

ಮನುಷ್ಯ ಕೆಟ್ಟವರಲ್ಲ. ಕೂಡುವ ಜಾಗ ಒರೆಸಿ ಕೊಡುವವರನ್ನು ಕೆಟ್ಟವರು ಎನ್ನುವುದು ಕಷ್ಟ. ನನ್ನ ಕಾಲುಗಳು ಆಗಲೇ ಆ ಸೀಟಿನ ಕಡೆ ತಿರುಗಿದ್ದವು. ನನಗೆ ಅದು ಬೇಕಿತ್ತು. ಗೆಳತಿಯರ ಮನೆಗೆ ನಾನೇ ಓಡಿಸಿಕೊಂಡು ಹೋಗುವ ದಿನ, ಪರ್ಮಿಟ್ ಸಿಕ್ಕ ಮಗಳಿಗೆ ಪಕ್ಕದಲ್ಲಿ ಕುಳಿತು ಕಾರು ಕಲಿಸುವ ದಿನ, ಎಲ್ಲವೂ ಆ ಒಂದೂವರೆ ಅಡಿ ಅಗಲದ ಮೆತ್ತೆಯ ಮೇಲೆ ನಿಂತಿತ್ತು.

ಹಿಂದಿನಿಂದ ಊರುಗೋಲಿನ ಸದ್ದು ಕೇಳಿತು. ವಾಂಡಾ ಹತ್ತಿ ಬಂದು, ಎಂದಿನಂತೆ ಕಂಬಕ್ಕೆ ಬೆನ್ನು ಕೊಟ್ಟು, ಎಂದಿನಂತೆ ಆ ಸೀಟುಗಳ ಕಡೆ ನೋಡದೆ ನಿಂತಳು.

"ವಾಂಡಾ," ಎಂದೆ, "ಇಲ್ಲಿ ಕೂಡು. ಇದು ಖಾಲಿ ಇದೆ."

ಅವಳು ಕೇಶವಮೂರ್ತಿಯವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕುಳಿತಳು. ಕುಳಿತಾಗ ಅವಳ ಬಾಯಿಂದ ಬಂದ ಉಸಿರು ಬಸ್ಸಿಗೆಲ್ಲ ಕೇಳಿಸಿತು.

"ಅಯ್ಯೋ ಮೇಡಮ್, ಅದು ನಿಮಗೆ ಅಂತ ಹಿಡಿದಿದ್ದು!"

"ನನಗ ಅಂತ ಹಿಡಿದಿದ್ರ ಯಾರಿಗೆ ಕೊಡೋದು ಅನ್ನೋದೂ ನನ್ನದ ಅಲ್ರಿ?"

"ಸರಿ, ಆದ್ರೆ ಈಗ ನೀವು..."

ನಾನು ಮುಂದಿನ ಸಾಲಿನ ಕರ್ಚೀಫನ್ನು ಎತ್ತಿದೆ. ಇಸ್ತ್ರಿ ಹಾಕಿದ್ದು, ಮಡಿಕೆಯ ಗೆರೆ ಸಹ ಕೆಟ್ಟಿರಲಿಲ್ಲ. ಅದನ್ನು ಅವರ ಕೈಯಲ್ಲಿಟ್ಟು ಕಿಟಕಿ ಸೀಟಿನಲ್ಲಿ ಕುಳಿತೆ.

"ಮೇಡಮ್, ಅದು ಮಧುರಾ ಸೀಟು!"

"ಎಲ್ಲಿದ್ದಾರ್ರಿ ಅವರು?"

"ನೆಕ್ಸ್ಟ್ ಸ್ಟಾಪಲ್ಲಿ ಹತ್ತಾರೆ."

"ಮುಂದಿನ ಸ್ಟಾಪಿನಾಗ ಇರೋರು ಈ ಬಸ್ಸಿನಾಗ ಇಲ್ಲಲ್ರಿ."

ಅವರು ನಕ್ಕರು. ತಮಾಷೆ ಎಂದುಕೊಂಡರು. ನಾನು ಏಳದಿದ್ದಾಗ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಕೆಲಸವಿಲ್ಲದೆ ಉಳಿಯಿತು.

ನನ್ನ ಪಕ್ಕದಲ್ಲಿ ಸ್ಟೀಲಿನ ಬಾಟಲಿ ಇತ್ತು. ಹತ್ತಿರ ನಿಂತಿದ್ದ, ಆಸ್ಪತ್ರೆಯವರ ಸಮವಸ್ತ್ರವಾದ ಸ್ಕ್ರಬ್ಸ್ ತೊಟ್ಟಿದ್ದ ಹುಡುಗಿಯನ್ನು ನೋಡಿದೆ. ಅವಳ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. "ಇದೂ ಖಾಲಿ," ಎಂದೆ. ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ, ಮಗುವನ್ನು ಕೊಡುವಂತೆ, ಕೇಶವಮೂರ್ತಿಯವರಿಗೆ ಕೊಟ್ಟು ಕುಳಿತಳು. ಹೆಡ್‌ಫೋನಿನ ಹುಡುಗ ಅವತ್ತು ಸೀಟಿಲ್ಲದೆ ನಿಂತಿದ್ದ. ಅವನು ಯಾರನ್ನೂ ಕೇಳಲಿಲ್ಲ. ಲ್ಯಾಪ್‌ಟಾಪ್ ಚೀಲವನ್ನು ಎತ್ತಿ ತಲೆಯ ಮೇಲಿನ ಸಾಮಾನಿನ ಹಲಗೆಗೆ ಹಾಕಿ ವಾಂಡಾ ಪಕ್ಕ ಕುಳಿತ.

ಕೇಶವಮೂರ್ತಿಯವರ ಮಡಿಲಲ್ಲಿ ಈಗ ಒಂದು ಜಾಕೆಟ್, ಒಂದು ಬಾಟಲಿ, ಒಂದು ಕರ್ಚೀಫು.

"ನೋಡಿ ಮೇಡಮ್," ಎಂದು ಅವರು ಧ್ವನಿ ತಗ್ಗಿಸಿದರು. "ನಿಮಗೆ ಹಿಸ್ಟರಿ ಗೊತ್ತಿಲ್ಲ. ಟ್ವೆಂಟಿ ಟ್ವೆಂಟಿ ಒನ್‌ನಲ್ಲಿ ಈ ಬಸ್ಸಲ್ಲಿ ಯಾರೂ ಹತ್ತುತಾ ಇರ್ಲಿಲ್ಲ. ಮಾಸ್ಕ್ ಹಾಕ್ಕೊಂಡು ನಾವು ನಾಲ್ಕೈದು ಜನ ದಿನಾ ಹೋದ್ವಿ. ಇಲ್ದಿದ್ರೆ ರೂಟೇ ತೆಗೆದುಬಿಡ್ತಿದ್ರು. ನಾವು ಉಳಿಸಿದ ಬಸ್ಸು ಇದು."

"ಉಳಿಸಿದ್ದಕ್ಕ ಥ್ಯಾಂಕ್ಸ್ ರಿ. ಬಸ್ಸು ಉಳಿಸಿದ್ರಿ. ಸೀಟು ಬರಸ್ಕೊಂಡಿಲ್ಲಲ್ಲ?"

"ಅಲ್ಲಾ, ಲಾಸ್ಟ್ ಸ್ಟಾಪ್‌ನೋರು ಏನ್ ಮಾಡ್ಬೇಕು? ಅವರಿಗೆ ಸೀಟೇ ಸಿಗಲ್ಲ."

"ಎರಡನೇ ಸ್ಟಾಪಿನೋರು ಏನ್ ಮಾಡ್ಲಿಕ್ಕತ್ತಾರ ಅಂತ ಯಾವಾಗರೆ ನೋಡೀರೇನು? ನಿನ್ನೆ ನಾ ನಿಮ್ಮ ಕಾಲಾಗ ಕೂತಿದ್ದೆ. ಓಲಗ ಛಂದಿತ್ತು."

ಅವರು ಕಿಟಕಿಯ ಹೊರಗೆ ನೋಡಿದರು. ಪೈನ್ ಮರಗಳು, ಟೈರಿನ ಅಂಗಡಿ, ಮತ್ತೆ ಪೈನ್ ಮರಗಳು.

ಮೂರನೆಯ ಸ್ಟಾಪು ಬಂತು. ಮೊದಲು ಶಶಾಂಕ್ ಹತ್ತಿದ, ಕೈಯಲ್ಲಿ ಎರಡು ಚೀಲ. ಹಿಂದೆ ಗುರುದತ್. ನಡುವೆ, ಕಂಬಿಯನ್ನು ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತ, ಮಧುರಾ. ಹಿಂದಿನ ದಿನ ನಾನು ನೋಡಿದ್ದು ಅವಳ ಶೂ ಮಾತ್ರ. ಇವತ್ತು ಅವಳನ್ನು ನೋಡಿದೆ. ಆರೇಳು ತಿಂಗಳ ಬಸುರಿ.

ಕೇಶವಮೂರ್ತಿಯವರ ಬೆನ್ನು ನೆಟ್ಟಗಾಯಿತು. "ಈಗ ಹೇಳಿ ಮೇಡಮ್," ಎಂದರು, ಇಡೀ ಬಸ್ಸಿಗೆ ಕೇಳುವಂತೆ. "ಈಗ ಹೇಳಿ."

ನನ್ನ ಮುಖ ಬಿಸಿಯಾಯಿತು. ಸ್ಕ್ರಬ್ಸಿನ ಹುಡುಗಿ ಏಳಲು ಹೊರಟಳು. ಹಿಂದಿನಿಂದ ವಾಂಡಾ, "ಬೇಬಿ ಕೂರಲಿ, ನಾನು ನಿಲ್ತೀನಿ," ಎಂದು ಊರುಗೋಲನ್ನು ನೆಲಕ್ಕೆ ಊರಿದಳು. ನಾನು ಇಬ್ಬರಿಗೂ ಬೇಡವೆಂದು ಕೈ ಮಾಡಿದೆ. ಹಾಗೆ ಕೈ ಮಾಡಿದ ಮೇಲೆ ನಾನು ಏಳಬೇಕೆಂದು ಎಲ್ಲರೂ ಕಾದರು. ನಾನೂ ಒಂದು ಕ್ಷಣ ಹಾಗೆಯೇ ಅಂದುಕೊಂಡೆ. ಬಸುರಿಯ ಎದುರು ಕುಳಿತಿರುವುದು ನಮ್ಮ ಮನೆಯಲ್ಲಿ ಕಲಿಸಿದ ಪಾಠವಲ್ಲ.

ಆಮೇಲೆ ಯೋಚಿಸಿದೆ. ಬಸುರಿಗೆ ಸೀಟು ಬೇಕು, ಸರಿ. ವಾಂಡಾಗೆ ಬೇಕು. ರಾತ್ರಿಪಾಳಿ ಮುಗಿಸಿದಂತಿರುವ ಹುಡುಗಿಗೆ ಬೇಕು. ನನಗೆ ಬೇಕು. ಹಾಗಾದರೆ ಇಲ್ಲಿ ಬೇಡವಾದವರು ಯಾರು? ಅವರು ನನ್ನ ಎದುರಿಗೇ ಇದ್ದರು. ಎಷ್ಟೋ ತಿಂಗಳಿಂದ ಈ ಮನುಷ್ಯ ದಿನಾ ನಾಲ್ಕು ಸೀಟು ದಾನ ಮಾಡಿದ್ದಾರೆ. ನಾಲ್ಕೂ ಬೇರೆಯವರವು. ಐದನೆಯದೊಂದೇ ಅವರದು. ಅದನ್ನು ಒಮ್ಮೆಯೂ ಕೊಟ್ಟಿಲ್ಲ.

"ಹೇಳ್ತೀನ್ರಿ," ಎಂದೆ. "ಪಾಪ, ಅವರು ನಿಂದರಬಾರದು. ನೀವು ಏಳ್ರಿ."

"ನಾನಾ?"

"ನಿಮ್ಮ ಸೀಟು ಕೊಡ್ರಿ ಅವರಿಗೆ."

"ಮೇಡಮ್, ನಾನು ಫಸ್ಟ್ ಸ್ಟಾಪಿಂದ ಬರ್ತಾ ಇದೀನಿ. ನನಗೆ ಐವತ್ತಾರು!"

"ನಿಮ್ಮ ಅಂಗಿ ಮ್ಯಾಲೆ ಹದಿಮೂರು ಮೈಲು ಓಡೀರಿ ಅಂತ ಬರದದ. ಓಡೋರಿಗೆ ನಿಂದರ್ಲಿಕ್ಕೆ ಆಗಂಗಿಲ್ಲೇನು?"

ಗುರುದತ್ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಶಶಾಂಕ್ ಅವನ ಪಕ್ಕೆಗೆ ತಿವಿದ. ಕನ್ನಡ ಬಾರದ ಜನವೂ ಫೋನಿನಿಂದ ತಲೆ ಎತ್ತಿದ್ದರು. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎನ್ನುವುದಕ್ಕೆ ಭಾಷೆ ಬೇಕಾಗಿರಲಿಲ್ಲ. ಮೂರು ವಸ್ತುಗಳನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಗಂಡಸು ಕುಳಿತಿದ್ದ, ಎದುರಿಗೆ ಬಸುರಿ ನಿಂತಿದ್ದಳು.

ಮಧುರಾಳೇ ಕೊನೆಗೆ ಬಾಯಿ ಬಿಟ್ಟಳು. "ಸಾರ್, ಪ್ಲೀಸ್. ನಂಗೆ ನಿಜವಾಗ್ಲೂ ಕಾಲು ನೋಯ್ತಿದೆ."

ಕೇಶವಮೂರ್ತಿಯವರು ಎದ್ದರು.

ಬಸ್ಸು ಹೆದ್ದಾರಿಗೆ ಇಳಿಯಿತು. ಮುಂದೆ ಬ್ರೇಕ್ ದೀಪಗಳ ಸಾಲು. ಬಸ್ಸು ನಿಂತಾಗಲೆಲ್ಲ ಅವರು ಮುಂದೆ ಹೋದರು, ಹೊರಟಾಗಲೆಲ್ಲ ಹಿಂದೆ ಬಂದರು. ಒಂದು ಕೈ ಕಂಬದ ಮೇಲೆ, ಇನ್ನೊಂದರಲ್ಲಿ ಜಾಕೆಟ್ಟೂ ಬಾಟಲಿಯೂ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು, ತೆಗೆಯಲು ಮೂರನೆಯ ಕೈ ಇರಲಿಲ್ಲ. ಆ ರೂಟಿನಲ್ಲಿ ಅಷ್ಟು ನಿಶ್ಶಬ್ದವಾದ ಪ್ರಯಾಣವನ್ನು ನಾನು ಕಂಡಿರಲಿಲ್ಲ.

ಮಿಡ್‌ಟೌನ್ ಹತ್ತಿರ ಬಂದಾಗ ಅವರು ನನ್ನ ಕಡೆ ಬಗ್ಗಿದರು. ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. "ಬೇರೆಯೋರು ಮಾಡಿದ್ರೆ ಸರಿ. ನಮ್ಮೋರೇ ಹಿಂಗೆ ಮಾಡಿದ್ರೆ ಹೇಗೆ ಮೇಡಮ್?"

"ನಮ್ಮೋರು ಅಂತನ ಮಾಡಿದೆ ರಿ. ಬ್ಯಾರೆಯವರಿಗೆ ಅದು ಬರೇ ಬಿದ್ದ ಬಟ್ಟೆ. ಅದು ಸೀಟು ಹಿಡಿದ ಕರ್ಚೀಫು ಅಂತ ನನಗ ಗೊತ್ತಾಗೋದು."

*

ಸಂಜೆ ನನ್ನನ್ನು ಕರೆದುಕೊಂಡು ಹೋಗಲು ಬಂದ ಸಿದ್ಧಲಿಂಗೇಶ ದಾರಿಯುದ್ದಕ್ಕೂ ಟ್ರಾಫಿಕ್ಕಿನ ಮಾತನ್ನೇ ಆಡಿದ. ಗ್ಯಾರೇಜಿನ ಒಳಗೆ ಕಾರು ನಿಲ್ಲಿಸಿದ ಮೇಲೆ ಹೇಳಿದ.

"ಕೇಶವಮೂರ್ತಿಯವರ ಫೋನ್ ಬಂದಿತ್ತು."

"ಗೊತ್ತಾತು."

"ಎಲ್ಲಾರ ಮುಂದ ಅವಮಾನ ಆತು ಅಂತಾರ. ಕೂಟದ ರಾಜ್ಯೋತ್ಸವಕ್ಕ ನಾವು ಮುಖಾ ಹೆಂಗ ತೋರಸೋದು? ಒಂದು ಸಣ್ಣ ಮೆಸೇಜ್ ಹಾಕಿಬಿಡು. ಸಾರಿ ಅಂತ, ಅಷ್ಟ."

"ಹಾಕಂಗಿಲ್ಲ."

"ರೇಣುಕಾ, ಅವರು ನಿನಗ ಸೀಟು ಕೊಟ್ಟಿದ್ರು!"

"ಅವರ ಸೀಟಲ್ಲ ಅದು. ಅವರು ಕೊಡ್ಲಿಕ್ಕೆ ಬರೂದಿಲ್ಲ, ನಾ ತಗೊಳ್ಳಿಕ್ಕೆ ಬರೂದಿಲ್ಲ." ನಾನು ಸೀಟ್ ಬೆಲ್ಟ್ ಬಿಚ್ಚಲಿಲ್ಲ. "ಇವತ್ತು ಉಪಕಾರ ಅಂತ ಕೂತ್ರ ನಾಳೆ ಅವರ ಜಾಕೆಟ್ಟಿಗೆ ಸಿಟ್ಟು ಬಂದ್ರ ಏಳಬೇಕು. ನಾ ಎದ್ದ ದಿನ ಬಿದ್ರ ಮತ್ತ ಆರು ತಿಂಗಳು. ನಿಮ್ಮ ಕೇಶವಮೂರ್ತಿ ಬಂದು ನನ್ನ ಕಾರು ಓಡಸ್ತಾರೇನು? ನನಗ ಸೀಟು ಬೇಕು. ಉಪಕಾರ ಬ್ಯಾಡ."

ಮನೆಯ ಬಾಗಿಲಲ್ಲಿ ಶ್ರಾವಣಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. "ವೇಟ್. ಯೂ ಮೇಡ್ ದ ಅಂಕಲ್ ಸ್ಟ್ಯಾಂಡ್ ಅಪ್?"

"ಹೌದು."

"ಇನ್ ಕನ್ನಡ?"

"ಹೌದು."

"ಡ್ಯಾಮ್, ಅಮ್ಮಾ."

"ಭಾಷೆ," ಎಂದ ಅವಳ ಅಪ್ಪ. ಆದರೆ ಅವನ ತುಟಿಯ ಒಂದು ಕೊನೆ ತನ್ನ ಮಾತು ಕೇಳಲಿಲ್ಲ.

*

ಗುರುವಾರ ಬೆಳಗ್ಗೆ ಅವನು ನನ್ನನ್ನು ಇಳಿಸಿದ ಮೇಲೆ ತಿರುಗಿಕೊಂಡು ಹೋಗಲಿಲ್ಲ. ಲಾಟಿನ ತುದಿಯಲ್ಲಿ ಕಾರು ನಿಲ್ಲಿಸಿ ಒಳಗೇ ಕುಳಿತಿದ್ದ.

ಬಾಗಿಲು ತೆರೆಯಿತು. ಕರ್ಚೀಫು ಅಲ್ಲೇ ಇತ್ತು. ಬಾಟಲಿ, ಚೀಲ, ಜಾಕೆಟ್, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ, ನಿನ್ನೆ ಎಂಬುದೇ ಆಗಿಲ್ಲವೆಂಬಂತೆ. ಕೇಶವಮೂರ್ತಿಯವರು ತಮ್ಮ ಸೀಟಿನಲ್ಲಿ ಕುಳಿತು ಓಲಗವಿಲ್ಲದ ಒಂದು ಫೋನನ್ನು ಬಹಳ ಗಮನದಿಂದ ನೋಡುತ್ತಿದ್ದರು.

ನಿನ್ನೆಯ ಬಿಸಿ ಇವತ್ತು ನನ್ನಲ್ಲಿ ಇರಲಿಲ್ಲ. ತಣ್ಣಗಿದ್ದಾಗ ಇಂಥದನ್ನು ಮಾಡುವುದು ಹೆಚ್ಚು ಕಷ್ಟ. ಆದರೂ ಕರ್ಚೀಫನ್ನು ಎತ್ತಿ, ಅದರ ಮಡಿಕೆ ಕೆಡದಂತೆ ಅವರ ಮೊಣಕಾಲ ಮೇಲೆ ಇಟ್ಟೆ.

"ನಿಮ್ಮದು ರಿ. ಬಿದ್ದಿತ್ತು."

ನಾನು ಕುಳಿತೆ. ಹಿಂದೆ ವಾಂಡಾ ಜಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತುತ್ತಿದ್ದಳು, ಥೇಟ್ ಹುಬ್ಬಳ್ಳಿಯ ಕಂಡಕ್ಟರನಂತೆ. ಯಾರೂ ಅವಳಿಗೆ ಕಲಿಸಿರಲಿಲ್ಲ. ಹೆಡ್‌ಫೋನಿನ ಹುಡುಗನ ಕೈ ಆಗಲೇ ಚೀಲದ ಮೇಲಿತ್ತು. ಬಾಟಲಿಯನ್ನು ನಾ ಕಂಡಿರದ ಒಬ್ಬ ಮುದುಕ ಅವರಿಗೆ ದಾಟಿಸಿದ.

ವಾಂಡಾ ನನ್ನ ಸೀಟಿನ ಮೇಲೆ ಬಗ್ಗಿ ಪಿಸುಗುಟ್ಟಿದಳು. "ಒಂದು ಕೇಳ್ತೀನಿ, ತಪ್ಪು ತಿಳೀಬೇಡ. ಆ ಬಟ್ಟೆ ನಿಮ್ಮ ಊರಲ್ಲಿ ಏನು?"

"ಮೂಗು ಒರೆಸಿಕೊಳ್ಳೋದಕ್ಕೆ," ಎಂದೆ.

ಅವಳ ನಗು ಮೂರನೆಯ ಸ್ಟಾಪಿನವರೆಗೂ ಬಿಟ್ಟು ಬಿಟ್ಟು ಬರುತ್ತಲೇ ಇತ್ತು.

ಅಲ್ಲಿ ಬಾಗಿಲು ತೆರೆಯಿತು. ಕಂಬಿಯ ಮೇಲೆ ಮಧುರಾಳ ಕೈ ಕಾಣಿಸಿತು. ನಾನು ಕೇಶವಮೂರ್ತಿಯವರನ್ನು ನೋಡಿದೆ. ಅವರು ಫೋನು ನೋಡುತ್ತಿದ್ದರು. ನಾನು ನೋಡುತ್ತಲೇ ಇದ್ದೆ. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ಅವರು ಫೋನನ್ನು ಜೇಬಿಗೆ ಹಾಕಿದರು, ಜಾಕೆಟ್ಟನ್ನು ಕಂಕುಳಿಗೆ ಸಿಕ್ಕಿಸಿದರು, ಕರ್ಚೀಫಿನಿಂದ ಹಣೆ ಒರೆಸಿಕೊಂಡು ಎದ್ದು ನಿಂತರು.

ನಾನು ಏಳಲಿಲ್ಲ. ಎರಡೂ ಪಾದಗಳನ್ನು ನೆಲಕ್ಕೆ ಊರಿ ಕುಳಿತಿದ್ದೆ. ಕಣ್ಣಂಚಿನಲ್ಲಿ ಎಲ್ಲ ಬಣ್ಣಗಳೂ ಇದ್ದವು.